ಉಗುರು ನೋಡಿ ಸಹಿ ಹಾಕಿಸುತ್ತಿದ್ದ ಹೆಸ್ಟರ್

ಕಳೆದ ಫೆಬ್ರುವರಿ ಒಂಬತ್ತರಂದು ಹೆಸ್ಟರ್ ಟ್ರೆವಾರ್ಥೆನ್ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ನಮ್ಮೂರಿನ ವಾರಪತ್ರಿಕೆ ಆಕೆಯ ಬಗ್ಗೆ ಹನ್ನೊಂದು ಸಾಲು ಅಚ್ಚು ಹಾಕಿತು. ಆ ಹನ್ನೊಂದು ಸಾಲುಗಳಲ್ಲಿ ಮೂರು ತಪ್ಪುಗಳಿದ್ದವು. ಆಕೆ ನರ್ಸ್ ಆಗಿದ್ದಳೆಂದು ಬರೆದಿದ್ದರು, ಆಗಿರಲಿಲ್ಲ. 1993ರಲ್ಲಿ ಒಂದು ಮಗುವಿನ ಪ್ರಾಣ ಉಳಿಸಿದಳೆಂದು ಬರೆದಿದ್ದರು. ಆ ವರ್ಷ ಆ ಮಗುವಿಗೆ ಒದಗಿದ್ದ ಅಪಾಯ ಪ್ರಾಣದ್ದಲ್ಲ. ಆ ಮಗು "ಸಂಪೂರ್ಣ ಗುಣಮುಖವಾಯಿತು" ಎಂದೂ ಬರೆದಿದ್ದರು. ಇದು ಮೂರರಲ್ಲಿ ಅತಿ ದೊಡ್ಡ ತಪ್ಪು. ಸಂಪಾದಕರಿಗೆ ನಾನು ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ ಸ್ಥಳಾವಕಾಶವಿಲ್ಲವೆಂಬ ಉತ್ತರ ಬಂದಿತು. ಅದೇ ವಾರದ ಸಂಚಿಕೆಯಲ್ಲಿ ಕಳೆದುಹೋದ ಒಂದು ಬೆಕ್ಕಿಗೆ ಅರ್ಧ ಪುಟದ ಸ್ಥಳ ದೊರೆತಿತ್ತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆದಿಡುತ್ತಿದ್ದೇನೆ.

ಗ್ಯಾಲೀನಾ ಫ್ಲಾಟ್ಸ್ ಊರು ಇರುವುದು ಹತ್ತು ಸಾವಿರದ ತೊಂಬತ್ತು ಅಡಿ ಎತ್ತರದಲ್ಲಿ. ಡೆನ್ವರ್ ನಗರವನ್ನು ನಾವು 'ತಗ್ಗು' ಎಂದು ಕರೆಯುತ್ತೇವೆ. ಅದು ಸಮುದ್ರ ಮಟ್ಟದಿಂದ ಒಂದು ಮೈಲಿ ಮೇಲಿದ್ದರೂ ನಮಗೆ ತಗ್ಗೇ. ಹೆಸ್ಟರ್ ಇಲ್ಲಿಯೇ ಹುಟ್ಟಿದವಳು. ಆಕೆಯ ಗಂಡ ವಾಲ್ಟರ್ ಮಾಲಿಬ್ಡಿನಮ್ ಲೋಹದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ. ಕಲ್ಲಿನ ಪುಡಿ ಅವನ ಶ್ವಾಸಕೋಶದಲ್ಲಿ ಗಟ್ಟಿಯಾಗಿ, ನಾಲ್ಕು ವರ್ಷ ಹಾಸಿಗೆ ಹಿಡಿದು, 1973ರಲ್ಲಿ ಸತ್ತ. ಆ ನಾಲ್ಕು ವರ್ಷಗಳಲ್ಲಿ ಹೆಸ್ಟರ್ ಒಂದು ಸಂಗತಿಯನ್ನು ತಾನಾಗಿಯೇ ಕಲಿತಳು: ವಾಲ್ಟರ್ "ಚೆನ್ನಾಗಿದ್ದೀನಿ" ಎಂದು ಸುಳ್ಳು ಹೇಳಬಲ್ಲ, ಅವನ ಉಗುರು ಹೇಳಲಾರದು. ಗಾಳಿ ಸಾಲದ ದಿನ ಉಗುರಿನ ಬುಡಕ್ಕೆ ಮಳೆಮೋಡದ ಬಣ್ಣ ಬರುತ್ತಿತ್ತು. ಮರುವರ್ಷ ಆಕೆ ಮನೆಮನೆಗೆ ಆಮ್ಲಜನಕದ ಸಿಲಿಂಡರ್ ತಲುಪಿಸುವ ಒಂದು ಕಂಪನಿಯಲ್ಲಿ ಲಾರಿ ಚಾಲಕಿಯಾಗಿ ಸೇರಿದಳು. ಓದಿದ್ದು ಹತ್ತನೆಯ ತರಗತಿಯವರೆಗೆ. ರಸೀದಿಗೆ ಸಹಿ ಹಾಕಿಸುವುದು, ತುಂಬಿದ್ದು ಇಟ್ಟು ಖಾಲಿಯದು ತರುವುದು, ಇಷ್ಟೇ ಆಕೆಯ ಕೆಲಸವೆಂದು ಕಂಪನಿಯ ನಿಯಮದಲ್ಲಿತ್ತು. ಆಕೆಯ ನಿಯಮ ಬೇರೆಯಿತ್ತು. ರೋಗಿ ಲೇಖನಿ ಹಿಡಿದಾಗ ಬೆರಳುಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವಳು. ನೋಡಿದ ಮೇಲೆಯೇ ಸಹಿ. ಹಾಸಿಗೆಯಿಂದ ಏಳಲಾಗದವರಿದ್ದರೆ ಒಳಗೇ ಹೋಗಿ ನೋಡಿ ಬರುವಳು. ಮೂವತ್ತೊಂದು ವರ್ಷ ಹೀಗೆಯೇ ನಡೆಯಿತು. ಈ ನಿಯಮವನ್ನು ಆಕೆ ಒಂದೇ ಒಂದು ಸಲ ಮುರಿದಳು. ಈ ಬರಹ ಆ ಒಂದು ಸಲದ ಕುರಿತಾದದ್ದು.

ಮಗುವಿನ ಹೆಸರು ಟಿಲ್ಲಿ ಓಬ್ಲಾಕ್. ಹುಟ್ಟಿದ್ದು 1986ರ ನವೆಂಬರ್ ಮೂರರಂದು, ಬಸಿರಿನ ಇಪ್ಪತ್ತಾರು ವಾರ ಐದು ದಿನಕ್ಕೆ. ತೂಕ ಎಂಟುನೂರ ಎಪ್ಪತ್ತು ಗ್ರಾಂ. ಹಿಮ ಬೀಳುತ್ತಿದ್ದ ದಾರಿಯಲ್ಲಿ ಆಂಬುಲೆನ್ಸ್ ತಗ್ಗಿಗೆ ಇಳಿಯಿತು. ಅಷ್ಟು ಬೇಗ ಹುಟ್ಟಿದ ಮಗುವಿನ ಶ್ವಾಸಕೋಶ ಇನ್ನೂ ಕಟ್ಟಿ ಮುಗಿಯದ ಮನೆಯಂತಿರುತ್ತದೆ. ಅದರಲ್ಲಿ ಉಸಿರಾಡಿಸಬೇಕೆಂದರೆ ಯಂತ್ರ ಒತ್ತಡದಿಂದ ಗಾಳಿ ತುಂಬಬೇಕು, ಹೆಚ್ಚಿನ ಆಮ್ಲಜನಕ ಕೊಡಬೇಕು. ಟಿಲ್ಲಿಗೆ ಮೂವತ್ತೆಂಟು ದಿನ ಹಾಗೆ ಕೊಟ್ಟರು. ಯಂತ್ರ ಅವಳನ್ನು ಬದುಕಿಸಿತು; ಅದೇ ಯಂತ್ರದ ಒತ್ತಡ ಅವಳ ಎಳೆಯ ಗಾಳಿಚೀಲಗಳನ್ನು ಗಾಯಗೊಳಿಸಿತು. ಈ ದೀರ್ಘಕಾಲದ ಕಾಯಿಲೆಗೆ ವೈದ್ಯರಲ್ಲಿ ಒಂದು ಉದ್ದನೆಯ ಹೆಸರಿದೆ. ಅವರು ಹೇಳಿದ ಒಂದು ಒಳ್ಳೆಯ ಮಾತನ್ನಷ್ಟೇ ಟಿಲ್ಲಿಯ ತಾಯಿ ಡೊರೀನ್ ನೆನಪಿಟ್ಟುಕೊಂಡಳು: ಗಾಯವಾದ ಚೀಲಗಳು ಸರಿಹೋಗದಿದ್ದರೂ ಮಗು ಬೆಳೆಯುತ್ತ ಹೊಸ ಚೀಲಗಳು ಹುಟ್ಟುತ್ತವೆ, ಅದಕ್ಕೆ ವರ್ಷಗಳು ಬೇಕು, ಅಲ್ಲಿಯವರೆಗೆ ಮೈಗೆ ಗಾಳಿಯ ಕೊರತೆಯಾಗಬಾರದು.

ಮಾರ್ಚ್ ತಿಂಗಳಲ್ಲಿ ಮಗು ಮನೆಗೆ ಬಂದಿತು. ಅದರ ಹಿಂದೆಯೇ ಹೆಸ್ಟರಳ ಲಾರಿಯೂ ಬಂದಿತು. ಮುಂಭಾಗದ ಕೋಣೆಯ ಮೂಲೆಯಲ್ಲಿ ದೊಡ್ಡ ಸಿಲಿಂಡರ್ ನಿಂತಿತು. ಅದರಿಂದ ಮಗುವಿನ ಮೂಗಿನವರೆಗೆ ಐವತ್ತು ಅಡಿ ಉದ್ದದ ತೆಳು ಕೊಳವೆ. ಡೊರೀನ್ ಕಣಿವೆದಾರಿಯ ಆಚೆಯ ಸ್ಕೀಯಿಂಗ್ ಊರಿನಲ್ಲಿ ಹೋಟೆಲ್ ಕೋಣೆಗಳನ್ನು ಶುಚಿ ಮಾಡಲು ಹೋಗುತ್ತಿದ್ದಳು. ತಂದೆ ಬೇರೆ ರಾಜ್ಯದ ಗಣಿಯಲ್ಲಿದ್ದ. ಮಗುವನ್ನು ನೋಡಿಕೊಂಡವನು ತಂದೆಯ ತಂದೆ ಆಂಟನ್ ಓಬ್ಲಾಕ್. ಸ್ಲೊವೇನಿಯಾದ ಮೂಲದವನು, ನಲವತ್ತು ವರ್ಷ ಗಣಿಯಲ್ಲಿ ದುಡಿದವನು, ಟಿಲ್ಲಿಯ ಬಾಯಲ್ಲಿ 'ಆಟಾ'. ಟಿಲ್ಲಿ ಆಡಿದ ಮೊದಲ ಪೂರ್ಣ ವಾಕ್ಯವನ್ನು ಹೆಸ್ಟರ್ ಕಿವಿಯಾರೆ ಕೇಳಿದ್ದಳು:

"ಆಟಾ, ನನ್ ಗಾಳಿ ಮೇಲೆ ನಿಂತಿದ್ದೀಯ."

ಆಂಟನ್ ಬೂಟು ಎತ್ತಿ ಕೊಳವೆಯನ್ನು ಬಿಡಿಸಿದನಂತೆ. "ನೋಡಿದ್ಯಾ ಹೆಸ್ಟರ್, ನನ್ ಮನೇಲಿ ನನಗೇ ನಿಲ್ಲೋಕೆ ಜಾಗ ಇಲ್ಲ."

"ದಪ್ಪ ಬೂಟು, ದಪ್ಪ ತಲೆ. ಎರಡನ್ನೂ ಬಾಗಿಲ ಹೊರಗೆ ಬಿಟ್ಟು ಬಾ," ಎಂದಳಂತೆ ಹೆಸ್ಟರ್.

ಆಂಟನ್‌ಗೆ ಸಿಲಿಂಡರಿನ ಮೇಲೆ ಮೊದಲಿನಿಂದಲೂ ಅನುಮಾನ. ಈ ಅನುಮಾನ ಅವನೊಬ್ಬನದಲ್ಲ, ನಮ್ಮ ಊರಿನದು. ತೆಳುಗಾಳಿಯಲ್ಲಿ ಬೆಳೆದವರು ಗಟ್ಟಿಗರು, ತಗ್ಗಿನವರು ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮೈಗಳ್ಳರು ಎಂದು ನಂಬಿ ಬೆಳೆದವರು ನಾವು. ಸಿಲಿಂಡರಿನ ಗಾಳಿ ಮಗುವಿನ ಶ್ವಾಸಕೋಶವನ್ನು ಸೋಮಾರಿ ಮಾಡುತ್ತದೆಂದು ಆಂಟನ್ ಚರ್ಚಿನ ಮೆಟ್ಟಿಲ ಮೇಲೆ ಯಾರಿಗೆ ಬೇಕಾದರೂ ಹೇಳುತ್ತಿದ್ದ. ಆದರೂ ವೈದ್ಯರು ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ಈ ನ್ಯಾಯವನ್ನು ಅವನಿಗೆ ಸಲ್ಲಿಸಲೇಬೇಕು.

1991ರ ಅಕ್ಟೋಬರಿನಲ್ಲಿ, ಟಿಲ್ಲಿಗೆ ಐದು ತುಂಬಲು ಮೂರು ವಾರವಿದ್ದಾಗ, ತಪಾಸಣೆಗೆ ತಗ್ಗಿಗೆ ಕರೆದೊಯ್ದರು. ಡೊರೀನಳ ಅಕ್ಕನ ಮನೆಯಲ್ಲಿ ನಾಲ್ಕು ದಿನ ಉಳಿದರು. ಅಲ್ಲಿ ಟಿಲ್ಲಿ ಬೀದಿಯುದ್ದಕ್ಕೂ ಓಡಿದಳು, ಎರಡು ತಟ್ಟೆ ಊಟ ಮಾಡಿದಳು, ಅಕ್ಕನ ಮಕ್ಕಳನ್ನು ಸೋಲಿಸಿ ಮರ ಹತ್ತಿದಳು. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆದರು: ನೂರಕ್ಕೆ ತೊಂಬತ್ನಾಲ್ಕು. ವೈದ್ಯೆ ನಕ್ಕು ಎರಡು ಹಾಳೆ ಬರೆದುಕೊಟ್ಟರು. ತಗ್ಗಿನ ಗಾಳಿ ದಟ್ಟ; ನಮ್ಮವರು ಯಾರೇ ಅಲ್ಲಿಗೆ ಇಳಿದರೂ ಹೀಗೆಯೇ ಆಗುತ್ತದೆ. ಎಪ್ಪತ್ತರ ಮುದುಕರೂ ಅಲ್ಲಿ ಹದಿನೆಂಟರವರಂತೆ ನಡೆಯುತ್ತಾರೆ, ಅದು ತಮ್ಮ ಮೈಕಟ್ಟಿನ ಪ್ರತಾಪವೆಂದು ತಿಳಿಯುತ್ತಾರೆ. ಓಬ್ಲಾಕ್ ಕುಟುಂಬವೂ ಹಾಗೆಯೇ ತಿಳಿಯಿತು. ಮನೆ ಸೇರಿದ ಮರುದಿನವೇ ಸಿಲಿಂಡರ್ ಒಯ್ಯುವಂತೆ ಕಂಪನಿಗೆ ದೂರವಾಣಿ ಹೋಯಿತು.

ಹೆಸ್ಟರ್ ಬಂದಾಗ ಆಂಟನ್ ಬಾಗಿಲಲ್ಲೇ ನಿಂತಿದ್ದ.

"ತಗೊಂಡ್ ಹೋಗು ನಿನ್ನ ಕಬ್ಬಿಣದ ಸಾಹೇಬನ್ನ. ಐದು ವರ್ಷ ಬಾಡಿಗೆ ಇಲ್ದೆ ಕೂತಿದ್ದ."

"ಡಾಕ್ಟರ್ ಬರ್ಕೊಟ್ಟಿದ್ದಾರಾ?"

"ಇಗೋ. ಎರಡು ಹಾಳೆ ತುಂಬ ಬರ್ಕೊಟ್ಟಿದ್ದಾರೆ. ಆ ಹುಡುಗಿ ಅಲ್ಲಿ ಕುದುರೆ ಥರ ಓಡಿದ್ಲು ಕಣೆ. ನಾನ್ ಹೇಳ್ತಿರ್ಲಿಲ್ವಾ?"

ಮೊದಲ ಹಾಳೆಯಲ್ಲಿ "ಲಗತ್ತಿಸಿದ ಹಾಳೆಯ ಪ್ರಕಾರ ಆಮ್ಲಜನಕವನ್ನು ನಿಲ್ಲಿಸಬಹುದು" ಎಂದಿತ್ತು, ಕೆಳಗೆ ಸಹಿ. ಹೆಸ್ಟರ್ ಸಹಿಯಿದ್ದ ಹಾಳೆಯನ್ನು ಕಂಪನಿಗಾಗಿ ಮಡಿಚಿಟ್ಟುಕೊಂಡು, ಇನ್ನೊಂದನ್ನು ಓದದೆ ಆಂಟನ್‌ಗೆ ಮರಳಿಸಿದಳು. ಟಿಲ್ಲಿ ಆಗ ಹಿತ್ತಲಲ್ಲಿ ನಾಯಿಯೊಡನೆ ಆಡುತ್ತಿದ್ದಳು. ಅವಳನ್ನು ಒಳಗೆ ಕರೆಸಲಿಲ್ಲ. ಉಗುರು ನೋಡಲಿಲ್ಲ. ಸಂತೋಷದ ಮನೆಯಲ್ಲಿ ತಪಾಸಣೆ ಮಾಡಲು ಮನಸ್ಸು ಬರಲಿಲ್ಲವೆಂದು ಮುಂದೆ ಆಕೆಯೇ ಹೇಳಿದಳು. ಆಂಟನ್ ಖಾಲಿಯಾದ ಮೂಲೆಯಲ್ಲಿ ತನ್ನ ಅಕಾರ್ಡಿಯನ್ ವಾದ್ಯದ ಪೆಟ್ಟಿಗೆಯನ್ನು ತಂದಿಟ್ಟ.

ಮುಂದಿನ ಹದಿನಾರು ತಿಂಗಳಲ್ಲಿ ಟಿಲ್ಲಿ ಕಾಯಿಲೆ ಬೀಳಲಿಲ್ಲ. ಬಿದ್ದಿದ್ದರೆ ಗೊತ್ತಾಗುತ್ತಿತ್ತು. ಅವಳು ಸುಮ್ಮನೆ ನಿಧಾನವಾದಳು. ಒಂದನೆಯ ತರಗತಿಯಲ್ಲಿ ಹತ್ತೂವರೆಯಾದ ಮೇಲೆ ಕಿಟಕಿಯಾಚೆ ನೋಡುವಳು. ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವಳು. ಬೆಳಿಗ್ಗೆ ಕಲಿತ ಅಕ್ಷರ ಸಂಜೆಗೆ ಇರುತ್ತಿರಲಿಲ್ಲ. ತೂಕ ಏರಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕಲಿಕೆಯ ತೊಡಕು ಹೆಚ್ಚೆಂಬುದು ಶಾಲೆಯವರಿಗೆ ಗೊತ್ತಿತ್ತು. ಅದು ಸುಳ್ಳೂ ಅಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಮನೋವಿಜ್ಞಾನಿ ವಿಟ್‌ಕೂಂಬ್ ಒಂದು ಮಧ್ಯಾಹ್ನ ಎರಡು ಗಂಟೆಗೆ ಅವಳ ಬುದ್ಧಿಯನ್ನು ಅಳೆದು ಅರವತ್ತೆಂಟು ಎಂದು ಬರೆದರು. ಸಾಮಾನ್ಯ ಮಕ್ಕಳದು ನೂರರ ಆಸುಪಾಸು. ಕಣಿವೆದಾರಿಯ ಆಚೆ, ಮೂವತ್ತೆಂಟು ಮೈಲಿ ದೂರದ ಊರಿನ ವಿಶೇಷ ತರಗತಿಗೆ ಟಿಲ್ಲಿಯನ್ನು ದಿನವೂ ಬಸ್ಸಿನಲ್ಲಿ ಕಳುಹಿಸಬೇಕೆಂಬ ಸಲಹೆಯ ಮೇಲೆ ಶಾಲಾ ಸಮಿತಿ 1993ರ ಮಾರ್ಚ್ ಹನ್ನೆರಡರಂದು ತೀರ್ಮಾನಿಸಬೇಕಿತ್ತು. ಒಮ್ಮೆ ಆ ಕಡತದೊಡನೆ ಹೋದ ಮಕ್ಕಳಲ್ಲಿ ಹಿಂದಿರುಗಿ ಬಂದವರನ್ನು ನಾನು ಕಂಡಿರಲಿಲ್ಲ. ಐವರ ಆ ಸಮಿತಿಯಲ್ಲಿ ಊರಿನ ಪರವಾಗಿ ಇದ್ದವನು ನಾನು. ಕಡತ ಓದಿ, ಪಾಪ ಎಂದುಕೊಂಡು, ಒಪ್ಪಿಗೆ ಸೂಚಿಸುವುದೆಂದು ಮನಸ್ಸಿನಲ್ಲಿ ನಿರ್ಧರಿಸಿದ್ದೆ. ಈ ನಾಚಿಕೆಯ ಸಂಗತಿಯನ್ನೂ ಬಿಡಬಾರದೆಂದು ಬರೆದಿದ್ದೇನೆ.

ಫೆಬ್ರುವರಿ ಇಪ್ಪತ್ತರ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾರ್ನಿಷ್ ಮೂಲದ ಗಣಿಮನೆಗಳ ಹೆಂಗಸರ ಪೇಸ್ಟಿ ಮಾರಾಟವಿತ್ತು. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಆ ಕಡುಬನ್ನು ಹೆಸ್ಟರ್ ಒಲೆಯಿಂದ ತೆಗೆದು ತಟ್ಟೆಗಿಡುತ್ತಿದ್ದಳು. ಒಂದು ಗಂಟೆಯ ಹೊತ್ತಿಗೆ ಕಂಡದ್ದು: ಎಲ್ಲ ಮಕ್ಕಳೂ ಬೆಂಚುಗಳ ಕೆಳಗೆ ನುಸುಳಿ ಗಲಾಟೆ ಮಾಡುತ್ತಿರುವಾಗ ಟಿಲ್ಲಿ ಓಬ್ಲಾಕ್ ತಟ್ಟೆಯ ಪಕ್ಕದಲ್ಲೇ ಕೆನ್ನೆಯಿಟ್ಟು ಮಲಗಿದ್ದಾಳೆ. ಕೈ ಮೇಜಿನ ಅಂಚಿಗೆ ಜೋತುಬಿದ್ದಿತ್ತು. ಹೆಸ್ಟರ್ ಕೈ ಒರೆಸಿಕೊಂಡು ಬಂದು ಆ ಬೆರಳುಗಳನ್ನು ಎತ್ತಿ ದೀಪಕ್ಕೆ ತಿರುಗಿಸಿದಳು. ಅನಂತರ ಏಪ್ರನ್ ಬಿಚ್ಚಿ, ಒಲೆಯ ಮೇಲೆ ಹನ್ನೆರಡು ಪೇಸ್ಟಿ ಬಿಟ್ಟು, ಆಂಟನ್ ಕುಳಿತಲ್ಲಿಗೆ ಹೋದಳು.

"ಈ ಹುಡುಗಿ ಹೀಗೆ ಎಷ್ಟು ದಿನದಿಂದ ಮಲಗ್ತಾಳೆ?"

"ಯಾವಾಗ್ಲೂ. ಸ್ವಲ್ಪ ಮಂದ ಅಂತೆ. ಸ್ಕೂಲಲ್ಲಿ ಹೇಳವ್ರೆ." ಆಂಟನ್ ಕಾಫಿ ಬಟ್ಟಲನ್ನು ತಿರುಗಿಸಿದ. "ದೇವರು ಜೀವ ಕೊಟ್ಟ, ಅದೇ ಸಾಕು."

"ದೇವರ ಮಾತು ಆಮೇಲೆ. ಅವತ್ತು ನಿನ್ ಕೈಗೆ ಒಂದು ಹಾಳೆ ವಾಪಸ್ ಕೊಟ್ನಲ್ಲ, ಅದೆಲ್ಲಿ?"

"ಯಾವ ಹಾಳೆ?"

"ನಡಿ ಮನೆಗೆ."

ಹಾಳೆ ಅಡುಗೆಮನೆಯ ಡ್ರಾಯರಿನಲ್ಲಿ, ಅಕಾರ್ಡಿಯನ್ನಿನ ಪಟ್ಟಿ ಮತ್ತು ಮೇಣದಬತ್ತಿಗಳ ಕೆಳಗೆ ಇತ್ತು. ಡೊರೀನ್ ಅಂದು ಮನೆಯಲ್ಲಿದ್ದಳು. ಹೆಸ್ಟರ್ ನಿಂತೇ ಗಟ್ಟಿಯಾಗಿ ಓದಿದಳು: ಈ ಅಳತೆ ಐದು ಸಾವಿರದ ಇನ್ನೂರ ಎಂಬತ್ತು ಅಡಿಯದು, ಮನೆಗೆ ಮರಳಿದ ಮೇಲೆ, ಅಲ್ಲಿನ ಎತ್ತರದಲ್ಲಿ, ಎಚ್ಚರದಲ್ಲೂ ನಿದ್ದೆಯಲ್ಲೂ ಮತ್ತೊಮ್ಮೆ ಅಳೆಯದೆ ಆಮ್ಲಜನಕ ನಿಲ್ಲಿಸಕೂಡದು.

ಡೊರೀನ್ ಕೇಳಿದಳು: "ಹದಿನಾರು ತಿಂಗಳು?"

"ಹೂಂ," ಎಂದಳು ಹೆಸ್ಟರ್. "ನಾನೂ ಓದ್ಲಿಲ್ಲ. ಸಹಿ ನೋಡ್ದೆ, ಹೊರಟೆ."

"ತಗ್ಗಲ್ಲಿ ಓಡಿದ್ಲು," ಎಂದ ಆಂಟನ್. "ನಾನೇ ನೋಡ್ದೆ. ಓಡಿದ್ಲು."

"ಓಡಿದ್ಲು ನಿಜ. ಅಲ್ಲಿ ನೀನೂ ಓಡ್ತೀಯ, ಮುದುಕ."

ಅಳತೆಯ ಯಂತ್ರ ಪಡೆಯುವುದು ಸುಲಭವಾಗಲಿಲ್ಲ. ಕಂಪನಿಯ ಪ್ರಾಂತ ವ್ಯವಸ್ಥಾಪಕ, ಚಾಲಕರಿಗೆ ಅದನ್ನು ಮುಟ್ಟುವ ಅಧಿಕಾರವಿಲ್ಲವೆಂದ. ವೈದ್ಯರ ಆದೇಶ ಬೇಕೆಂದ. ಹೆಸ್ಟರ್ ತಗ್ಗಿನ ಆಸ್ಪತ್ರೆಗೆ ಮೂರು ದಿನ ದೂರವಾಣಿ ಮಾಡಿ ಆ ವೈದ್ಯೆಯನ್ನೇ ಹಿಡಿದಳು. ವೈದ್ಯೆ, "ನಾನೂ ಒಂದು ಸಲ ಫೋನ್ ಮಾಡಿ ವಿಚಾರಿಸಬೇಕಿತ್ತು," ಎಂದು ಅಂದೇ ಆದೇಶ ಕಳುಹಿಸಿದರು. ಮಾರ್ಚ್ ಒಂಬತ್ತರ ಸಂಜೆ ಕಂಪನಿಯ ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಬಂದು ಟಿಲ್ಲಿಯ ಕಾಲ್ಬೆರಳಿಗೆ ಯಂತ್ರ ಕಟ್ಟಿ ಹೋದಳು. ಮರುದಿನ ಬೆಳಿಗ್ಗೆ ಅವಳೇ ಯಂತ್ರ ಬರೆದಿದ್ದ ಕಾಗದದ ಸುರುಳಿ ಬಿಚ್ಚಿ ಓದಿದಳು. ಎಚ್ಚರವಿದ್ದಾಗ ಎಂಬತ್ತಾರು. ನಿದ್ದೆಯಲ್ಲಿ ಬಹುಪಾಲು ಎಪ್ಪತ್ತೇಳು, ಎಪ್ಪತ್ತೆಂಟು. ಅತಿ ಕಡಿಮೆ, ಎಪ್ಪತ್ತೊಂದು. ನಮ್ಮ ಎತ್ತರದಲ್ಲಿ ಆರೋಗ್ಯವಂತ ಮಗುವಿಗೆ ತೊಂಬತ್ತರ ಮೇಲಿರುತ್ತದೆ. ಅನಂತರ ನಿಮಿಷಕ್ಕೆ ಕಾಲು ಲೀಟರಿನಷ್ಟು ಆಮ್ಲಜನಕ ಹರಿಸಿ ನೋಡಿದಳು. ಹತ್ತು ನಿಮಿಷದಲ್ಲಿ ಅಂಕಿ ತೊಂಬತ್ತೆರಡಕ್ಕೆ ಏರಿತು.

ಆಂಟನ್ ಸುರುಳಿಯನ್ನು ಕೈಗೆ ತೆಗೆದುಕೊಂಡು ಉದ್ದಕ್ಕೂ ನೋಡಿದ. ಎದ್ದು ಹೋಗಿ ಮೂಲೆಯಲ್ಲಿದ್ದ ಅಕಾರ್ಡಿಯನ್ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಎತ್ತಿ ತನ್ನ ಮಲಗುವ ಕೋಣೆಗೆ ಒಯ್ದ. ಮೂಲೆಯನ್ನು ಗುಡಿಸಿದ. ಹೆಸ್ಟರಳ ಲಾರಿಯಲ್ಲಿ ಸಿಲಿಂಡರ್ ಸಿದ್ಧವಾಗಿಯೇ ಇತ್ತು. ವ್ಯವಸ್ಥಾಪಕನ ಅಪ್ಪಣೆಗೆ ಆಕೆ ಕಾದಿರಲಿಲ್ಲ.

ಮಾರ್ಚ್ ಹನ್ನೆರಡಕ್ಕೆ ಎರಡು ದಿನ ಉಳಿದಿದ್ದವು.

ಸಮಿತಿ ಶಾಲೆಯ ಗ್ರಂಥಾಲಯದಲ್ಲಿ ಸೇರಿತು. ಮುಖ್ಯೋಪಾಧ್ಯಾಯ ಲಿಂಡ್‌ಕ್ವಿಸ್ಟ್, ವಿಟ್‌ಕೂಂಬ್, ತರಗತಿಯ ಶಿಕ್ಷಕಿ ಮಿಸ್ ಪಾಚೆಕೊ, ಶಾಲೆಯ ನರ್ಸ್ ಮತ್ತು ನಾನು. ಎದುರಿಗೆ ಡೊರೀನ್, ಆಂಟನ್. ಹೆಸ್ಟರ್ ಕಂಪನಿಯ ಸಮವಸ್ತ್ರದಲ್ಲೇ ಬಂದಿದ್ದಳು. ತಾಯಿ ಕರೆತಂದವರು ಸಭೆಯಲ್ಲಿ ಕೂರಬಹುದೆಂಬುದು ನಿಯಮ. ಲಿಂಡ್‌ಕ್ವಿಸ್ಟ್ ಆ ನಿಯಮವನ್ನು ಮರೆತಿದ್ದರು, ನಾನು ನೆನಪಿಸಿದೆ.

ಹೆಸ್ಟರ್ ಸುರುಳಿಯನ್ನೂ ಎರಡನೆಯ ಹಾಳೆಯನ್ನೂ ಮೇಜಿನ ಮೇಲಿಟ್ಟಳು. ವಿಟ್‌ಕೂಂಬ್ ಸಭ್ಯರು, ಅವಸರದವರು ಕೂಡ.

"ನೋಡಿ, ಇದೆಲ್ಲ ವೈದ್ಯಕೀಯ ವಿಷಯ. ನಮ್ಮ ಕಡತದಲ್ಲಿ ಆಸ್ಪತ್ರೆಯ ವರದಿ ಇದೆ. ತೊಂಬತ್ನಾಲ್ಕು ಅಂತ ಇದೆ. ಅದು ಚೆನ್ನಾಗೇ ಇದೆಯಲ್ಲ?"

"ತಗ್ಗಲ್ಲಿ ಅಳೆದಿದ್ದು ಸಾರ್."

"ಅಳತೆ ಅಂದ್ರೆ ಅಳತೆ ತಾನೆ?"

ಹೆಸ್ಟರ್ ನನ್ನ ಕಡೆ ತಿರುಗಿದಳು. ನಾನು ಇಪ್ಪತ್ತಾರು ವರ್ಷ ಗಣಿಯ ಗಾಳಿ ವಿಭಾಗದಲ್ಲಿದ್ದವನು. ಕೆಲಸಗಾರರು ಇಳಿಯುವ ಮೊದಲು ಒಳಗಿನ ಗಾಳಿ ಪರೀಕ್ಷಿಸಿ ಬರೆಯುವುದು ನನ್ನ ಕೆಲಸವಾಗಿತ್ತು. "ಇವರನ್ನ ಕೇಳಿ," ಎಂದಳು. "ಗಣಿ ಬಾಯಲ್ಲಿ ನಿಂತು ಅಳೆದ್ಬಿಟ್ಟು, ಒಳಗೆ ಎರಡು ಮೈಲಿ ದೂರದಲ್ಲಿ ಕೊರೀತಿರೋನಿಗೆ ಗಾಳಿ ಚೆನ್ನಾಗಿದೆ ಅಂತ ಬರೀತಿದ್ರಾ ನೀವು?"

"ಬರೆದಿದ್ರೆ ಜೈಲಿಗೆ ಹೋಗ್ತಿದ್ದೆ," ಎಂದೆ.

ಆಂಟನ್ ಮೊದಲ ಬಾರಿಗೆ ಬಾಯಿಬಿಟ್ಟ. "ಹೋಗ್ಬೇಕಾದ್ದೇ."

ಶಾಲೆಯ ನರ್ಸ್ ಸುರುಳಿಯನ್ನು ಎಳೆದು ಓದತೊಡಗಿದರು. ಲಿಂಡ್‌ಕ್ವಿಸ್ಟ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ವೈದ್ಯರು ಅಳೀಬೇಕು ಅಂತ ಬರೆದಿದ್ರೆ, ಸಿಲಿಂಡರ್ ಹೇಗೆ ಹೋಯ್ತು? ಯಾರು ತೆಗೆದ್ರು?"

ಈ ಪ್ರಶ್ನೆ ಬರುತ್ತದೆಂದು ಹೆಸ್ಟರಳಿಗೆ ಗೊತ್ತಿತ್ತು. ಬರಹದ ಆದೇಶವನ್ನು ಪೂರ್ತಿ ಓದದೆ ಸಲಕರಣೆ ಹಿಂಪಡೆದ ಚಾಲಕರನ್ನು ವಜಾ ಮಾಡಬಹುದೆಂದು ಕಂಪನಿಯ ಕೈಪಿಡಿಯಲ್ಲಿದೆ. ಆಕೆಗೆ ಆಗ ಐವತ್ತೆಂಟು ವರ್ಷ. ಮನೆಯವರೇ ಹಾಳೆ ಮುಚ್ಚಿಟ್ಟರೆಂದು ಹೇಳಿದ್ದರೆ ಆಂಟನ್ ತುಟಿ ಬಿಚ್ಚುತ್ತಿರಲಿಲ್ಲ. ಅವನು ಆಗಲೇ ತಲೆ ತಗ್ಗಿಸಿ ಕುಳಿತಿದ್ದ.

"ನಾನು," ಎಂದಳು ಹೆಸ್ಟರ್. "ಎರಡು ಹಾಳೆ ಕೊಟ್ರು, ಒಂದನ್ನೇ ಓದಿದೆ. ಹಿತ್ತಲಲ್ಲಿ ಮಗು ಇತ್ತು, ಕರೆದು ನೋಡ್ಲಿಲ್ಲ. ಇವರದ್ದೇನೂ ತಪ್ಪಿಲ್ಲ, ಬರ್ಕೊಳಿ. ನನ್ ಹೆಸರು ಸರಿಯಾಗಿ ಬರ್ಕೊಳಿ, ಟ್ರೆವಾರ್ಥೆನ್."

ಲಿಂಡ್‌ಕ್ವಿಸ್ಟ್ ಬರೆದುಕೊಂಡರು.

"ಇನ್ನೊಂದು," ಎಂದು ಆಕೆ ಮುಂದುವರಿಸಿದಳು. "ಆ ಬಸ್ಸು ಹೋಗೋ ಕಣಿವೆದಾರಿ ಎಷ್ಟು ಎತ್ತರ ಗೊತ್ತಾ ನಿಮಗೆ?"

ನಾನೇ ಹೇಳಿದೆ: ಹನ್ನೊಂದು ಸಾವಿರದ ಒಂಬೈನೂರು ಅಡಿ. ಗಾಳಿ ಸಾಲದ ಮಗುವನ್ನು ದಿನಕ್ಕೆ ಎರಡು ಬಾರಿ ಇನ್ನೂ ಸಾವಿರದ ಎಂಟುನೂರು ಅಡಿ ಮೇಲಕ್ಕೆ ಹತ್ತಿಸಿ ಬುದ್ಧಿ ಕಲಿಸಲು ನಾವು ಐವರು ವಿದ್ಯಾವಂತರು ಸಿದ್ಧರಾಗಿದ್ದೆವು.

ಮಿಸ್ ಪಾಚೆಕೊ, "ಬೆಳಿಗ್ಗೆ ಒಂಬತ್ತು ಗಂಟೆಗೆ ಅವಳು ಬೇರೆ ಹುಡುಗಿ ಥರಾನೇ ಇರ್ತಾಳೆ. ನಾನು ಎರಡು ಸಲ ಬರೆದುಕೊಟ್ಟೆ," ಎಂದರು. ಅವರು ಬರೆದುಕೊಟ್ಟದ್ದು ನಿಜ. ಕಡತದ ಕೊನೆಯಲ್ಲಿ ಅದು ಇತ್ತು. ತೊಂಬತ್ತು ದಿನ ತಡೆಹಿಡಿದು, ಆಮ್ಲಜನಕದೊಡನೆ ಮತ್ತೆ ಪರೀಕ್ಷಿಸಬೇಕೆಂಬ ಸೂಚನೆಗೆ ಮೂವರು ಪರ, ಇಬ್ಬರು ವಿರುದ್ಧ. ವಿರುದ್ಧ ಮತ ಹಾಕಿದವರ ಹೆಸರು ದಾಖಲೆಯಲ್ಲಿದೆ; ಇಲ್ಲಿ ಬೇಡ.

ಕಂಪನಿ ಹೆಸ್ಟರಳನ್ನು ವಜಾ ಮಾಡಲಿಲ್ಲ, ಹತ್ತು ದಿನ ಅಮಾನತಿನಲ್ಲಿಟ್ಟಿತು. ಆಕೆಯ ಬದಲು ತಗ್ಗಿನಿಂದ ಬಂದ ಚಾಲಕ ನಾಲ್ಕನೆಯ ದಿನ ಲಾರಿಯನ್ನು ಹಿಮದ ಹಳ್ಳಕ್ಕಿಳಿಸಿದ. ಐದನೆಯ ದಿನ ಆಕೆಯನ್ನು ಮರಳಿ ಕರೆದರು. ಆಕೆ ಮೊದಲು ಹೋದದ್ದು ಓಬ್ಲಾಕ್ ಮನೆಗೆ.

ಈಗ ಟಿಲ್ಲಿ ಶಾಲೆಗೆ ಒಂದು ಪುಟ್ಟ ಸಿಲಿಂಡರನ್ನು ಬೆನ್ನುಚೀಲದಲ್ಲಿ ಹೊತ್ತು, ಅದರ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಮೊದಲ ವಾರ ಅವಳಿಗೆ ಅದು ಅವಮಾನವೆನಿಸಿತು.

"ಎಲ್ರೂ ನನ್ನ ಆನೆ ಅಂತಾರೆ," ಎಂದು ಹೆಸ್ಟರಳಿಗೆ ದೂರಿದಳು.

"ಅಂದೋರಿಗೆ ಏನಂದೆ?"

"ಸೊಂಡಿಲಲ್ಲಿ ಹೊಡೀತೀನಿ ಅಂದೆ."

"ಹಾಗಾದ್ರೆ ನನ್ನ ಯಾಕೆ ಕೇಳ್ತೀಯ? ಬೆರಳು ತೋರ್ಸು."

ಬೆರಳು ಕೆಂಪಗಿತ್ತು.

ಆ ತೊಂಬತ್ತು ದಿನಗಳಲ್ಲಿ ಟಿಲ್ಲಿಯ ತೂಕ ಒಂಬೈನೂರ ಹತ್ತು ಗ್ರಾಂ ಏರಿತು. ಹುಟ್ಟಿದಾಗ ಇಡೀ ಟಿಲ್ಲಿ ಅಷ್ಟಿರಲಿಲ್ಲ. ಮಧ್ಯಾಹ್ನದ ನಿದ್ದೆ ಎರಡನೆಯ ವಾರದಲ್ಲಿ ಕಡಿಮೆಯಾಯಿತು, ಏಪ್ರಿಲ್‌ನಲ್ಲಿ ನಿಂತಿತು. ನಿಂತ ಮೇಲೆ ಮಾತು ಆರಂಭವಾಯಿತು. ಮಿಸ್ ಪಾಚೆಕೊ ಅವಳ ಜಾಗವನ್ನು ಒಂದು ತಿಂಗಳಲ್ಲಿ ಮೂರು ಸಲ ಬದಲಿಸಿದರು. ಯಾವ ಮೂಲೆಗೆ ಕೂರಿಸಿದರೂ ಪಕ್ಕದವರೊಡನೆ ಮಾತಾಡುತ್ತಿದ್ದಳು. ಆಂಟನ್ ಪ್ರತಿ ಸಂಜೆ ಅವಳ ಪಾಠಪುಸ್ತಕ ತೆರೆದು ಕೂರುತ್ತಿದ್ದ. ಅವನ ಓದು ಅವಳಿಗಿಂತ ಹೆಚ್ಚೇನೂ ಮುಂದಿರಲಿಲ್ಲ, ಇಬ್ಬರೂ ಒಟ್ಟಿಗೇ ಅಕ್ಷರ ಕೂಡಿಸುತ್ತಿದ್ದರು.

ಜೂನ್ ಹತ್ತರಂದು ಮತ್ತೆ ಪರೀಕ್ಷೆ. ಸಮಿತಿಯ ಸಾಕ್ಷಿಯಾಗಿ ನಾನು ಗಾಜಿನ ಬಾಗಿಲ ಈಚೆ ಕುಳಿತಿದ್ದೆ. ಪಕ್ಕದಲ್ಲಿ ಆಂಟನ್ ಟೋಪಿಯನ್ನು ಮಂಡಿಯ ಮೇಲೆ ಹಿಂಡುತ್ತಿದ್ದ. ಹೆಸ್ಟರ್ ಗಡಿಯಾರ ನೋಡುತ್ತಿದ್ದಳು. ಒಳಗೆ ವಿಟ್‌ಕೂಂಬ್ ಚಿತ್ರಗಳನ್ನು ಒಂದೊಂದಾಗಿ ಇಡುತ್ತಿದ್ದರು. ಕಾಲು ಗಂಟೆಯಾದ ಮೇಲೆ ಟಿಲ್ಲಿಯ ದನಿ ಹೊರಗೆ ಸ್ಪಷ್ಟವಾಗಿ ಕೇಳಿತು.

"ಇದನ್ನ ಹೋದ್ಸಲಾನೂ ಕೇಳಿದ್ರಿ."

"ಹೌದಾ? ನಿಂಗೆ ನೆನಪಿದೆಯಾ?"

"ಇದೆ. ಆಗ ನಿಮ್ಮ ಟೈ ಮೇಲೆ ಸೂಪ್ ಚೆಲ್ಲಿತ್ತು."

ವಿಟ್‌ಕೂಂಬ್ ತಮ್ಮ ಟೈಯನ್ನು ನೋಡಿಕೊಂಡರು. ಹೆಸ್ಟರ್ ಬಾಯಿಗೆ ಕೈಗವಸು ಅಡ್ಡ ಹಿಡಿದಳು.

ಅಂಕ ಎಂಬತ್ತೊಂಬತ್ತು. ಆಮ್ಲಜನಕ ಅವಳಿಗೆ ಬುದ್ಧಿಯನ್ನು ದಾನ ಮಾಡಿತೆಂದು ಯಾರೂ ಬರೆಯಬಾರದು. ಇದ್ದ ಬುದ್ಧಿ ಎಚ್ಚರವಾಗಿರಲು ಬೇಕಾದದ್ದನ್ನು ಅದು ಒದಗಿಸಿತು, ಅಷ್ಟೇ. ಲೆಕ್ಕದಲ್ಲಿ ಅವಳು ನಿಜವಾಗಿಯೂ ಹಿಂದಿದ್ದಳು. ವಿಟ್‌ಕೂಂಬ್ ತಮ್ಮ ಹಿಂದಿನ ವರದಿಯನ್ನು ತಾವೇ ಹಿಂಪಡೆದು, ಅವಳಿಗೆ ನಮ್ಮ ಶಾಲೆಯಲ್ಲಿಯೇ ವಾರಕ್ಕೆ ಮೂರು ಗಂಟೆ ಪ್ರತ್ಯೇಕ ಪಾಠ ಬೇಕೆಂದು ಬರೆದರು. ಈ ಪ್ರಾಮಾಣಿಕತೆಯನ್ನು ಆ ಮನುಷ್ಯನ ಲೆಕ್ಕಕ್ಕೆ ಸೇರಿಸಬೇಕು. ಲಿಂಡ್‌ಕ್ವಿಸ್ಟ್ ತೀರ್ಮಾನವನ್ನು ಓದಿ ಮುಗಿಸಿದ ಮೇಲೂ ಆಂಟನ್ ಎದ್ದೇಳಲಿಲ್ಲ.

"ಹಾಗಾದ್ರೆ ಬಸ್ಸು?"

"ಬಸ್ಸಿಲ್ಲ, ಮಿಸ್ಟರ್ ಓಬ್ಲಾಕ್. ಸೆಪ್ಟೆಂಬರಲ್ಲಿ ಎರಡನೇ ಕ್ಲಾಸು. ಇಲ್ಲೇ."

"ಇಲ್ಲೇ," ಎಂದ ಆಂಟನ್, ಪಕ್ಕದಲ್ಲಿದ್ದ ಹೆಸ್ಟರಳಿಗೆ, ಅವಳು ಕೇಳಿಸಿಕೊಂಡಿಲ್ಲವೇನೋ ಎಂಬಂತೆ.

"ಕಿವುಡಿ ಅಲ್ಲ ನಾನು," ಎಂದಳು ಹೆಸ್ಟರ್, ಮೂಗು ಸೀಟಿಕೊಂಡು.

ಎಂಟನೆಯ ವಯಸ್ಸಿನಿಂದ ಟಿಲ್ಲಿಗೆ ನಿದ್ದೆಯಲ್ಲಿ ಮಾತ್ರ ಆಮ್ಲಜನಕ ಬೇಕಾಯಿತು. ಹನ್ನೊಂದನೆಯ ವಯಸ್ಸಿನಲ್ಲಿ ಅದನ್ನೂ ನಿಲ್ಲಿಸಿದರು. ಈ ಸಲ ಮೂರು ಅಳತೆಗಳೂ ಟಿಲ್ಲಿಯ ಹಾಸಿಗೆಯಲ್ಲೇ ಆದವು, ಎಲ್ಲ ಹಾಳೆಗಳನ್ನೂ ಹೆಸ್ಟರ್ ಎರಡೆರಡು ಸಲ ಓದಿದಳು. ಟಿಲ್ಲಿ ಸಂಪೂರ್ಣ ಗುಣವಾಗಲಿಲ್ಲ. ಊದಿ ಪರೀಕ್ಷಿಸಿದರೆ ಅವಳ ಉಸಿರಿನ ಬಲ ಸಮವಯಸ್ಕರ ನೂರಕ್ಕೆ ಎಪ್ಪತ್ತೆರಡು ಪಾಲು. ಅವಳಿಗೆ ನೆಗಡಿಯಾದರೆ ಅದು ಎದೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಔಷಧದ ಪಂಪು ಕಿಸೆಯಲ್ಲಿರಲೇಬೇಕು. ಕೂಡುವ ಕಳೆಯುವ ಲೆಕ್ಕವನ್ನು ಇಂದಿಗೂ ಕಾಗದದ ಮೇಲೆ ಮಾಡುತ್ತಾಳೆ. ಆದರೆ ಹೈಸ್ಕೂಲು ಮುಗಿಸಿದಳು, ಮದುವೆಯಾದಳು, ಇದೇ ಊರಿನಲ್ಲಿ ಇದೇ ಎತ್ತರದಲ್ಲಿ ಬದುಕುತ್ತಿದ್ದಾಳೆ.

ಹದಿನೇಳು ವರ್ಷಗಳಿಂದ ಅವಳು ರಸ್ತೆ ಇಲಾಖೆಯ ರೇಡಿಯೋ ಕೋಣೆಯಲ್ಲಿದ್ದಾಳೆ. ಕಣಿವೆದಾರಿಯಲ್ಲಿ ಹಿಮ ತೆಗೆಯುವ ಏಳು ಲಾರಿಗಳ ಚಾಲಕರು ಅವಳ ದನಿಯನ್ನು ನಂಬಿ ಮುಂದೆ ಸಾಗುತ್ತಾರೆ: ಎಲ್ಲಿ ಹಿಮ ಜಾರಿದೆ, ಯಾವ ತಿರುವಿನಲ್ಲಿ ಯಾವ ವಾಹನ ಸಿಕ್ಕಿಬಿದ್ದಿದೆ, ಯಾರು ಎಲ್ಲಿ ನಿಲ್ಲಬೇಕು. ಅವಳು ಬಹಳ ಮಾತಾಡುತ್ತಾಳೆಂದು ಅವರ ದೂರು. ಉದ್ದನೆಯ ಸುದ್ದಿಯಿದ್ದರೆ ಮಧ್ಯದಲ್ಲಿ ಒಮ್ಮೆ ಮಾತು ನಿಲ್ಲಿಸಿ ಉಸ್ಸೆಂದು ಉಸಿರೆಳೆದುಕೊಳ್ಳುತ್ತಾಳೆ. ರೇಡಿಯೋದಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಹೊಸ ಚಾಲಕರು ಮಾತು ಮುಗಿಯಿತೆಂದು ತಿಳಿದು ನಡುವೆ ಬಾಯಿ ಹಾಕುತ್ತಾರೆ. ಹಳಬರು ಕಾಯುತ್ತಾರೆ.